ಎಕರೆ: ಒಂದು ಪದ, ಎರಡು ಲೆಕ್ಕ

ಬೇಸಾಯಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳಲ್ಲಿ, ಕನ್ನಡದ್ದೇ ಎಂಬಷ್ಟು ಬಳಕೆಗೆ ಬಂದಿರುವ ಪದ ‘ಎಕರೆ’. ಪ್ರಾಚೀನ ಇಂಗ್ಲಿಷಿನಲ್ಲಿ ಇದಕ್ಕೆ ಉಳುವ ಹೊಲ ಎಂಬುದಷ್ಟೇ ಅರ್ಥವಾಗಿತ್ತು. ಎತ್ತಿನ ನೇಗಿಲು ಒಂದು ದಿನದಲ್ಲಿ ಉಳಬಹುದಾದಷ್ಟು ನೆಲವೆಂಬ ಅರ್ಥ ಅನಂತರ ಬಂದಿತು. ಮುಂದೆ ಅದು ನಿಶ್ಚಿತ ಅಳತೆಯಾಗಿ ಸ್ಥಿರಗೊಂಡಿತು. ಹದಿನೇಳನೆಯ ಶತಮಾನದಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞನು 66 ಅಡಿ ಉದ್ದದ, 100 ಕೊಂಡಿಗಳುಳ್ಳ ಸರಪಳಿಯನ್ನು ರೂಢಿಗೆ ತಂದನು. ಹತ್ತು ಚದರ ಸರಪಳಿಗೆ ಒಂದು ಎಕರೆ, ಅಂದರೆ 43,560 ಚದರ ಅಡಿ ಅಥವಾ 4,840 ಚದರ ಗಜ.

ಎಕರೆಯ ವಿಸ್ತೀರ್ಣ ಎಲ್ಲೆಡೆಯೂ ಒಂದೇ. ಆದರೆ ಅದರ ಒಳಭಾಗಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿವೆ. ಹಳೆಯ ಮೈಸೂರು ಮತ್ತು ಮುಂಬಯಿ ಪ್ರಾಂತಗಳ ಮೋಜಣಿಯಲ್ಲಿ ಎಕರೆಗೆ 40 ಗುಂಟೆ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಮದರಾಸು ಪ್ರಾಂತದಲ್ಲಿ ಎಕರೆಯನ್ನು 100 ಸೆಂಟ್‌ಗಳಾಗಿ ವಿಭಾಗಿಸಲಾಯಿತು. ಒಂದು ಸೆಂಟ್ ಎಂದರೆ 435.6 ಚದರ ಅಡಿ. ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿಯೂ, ಕರಾವಳಿ ಆಂಧ್ರದ ವಿಶಾಖಪಟ್ಟಣ, ವಿಜಯವಾಡಗಳಲ್ಲಿಯೂ ಇಂದಿಗೂ ಸೆಂಟಿನ ಲೆಕ್ಕವೇ ರೂಢಿಯಲ್ಲಿದೆ.

ಈ ಭೇದವನ್ನು ಅರಿಯದಿದ್ದರೆ ನಷ್ಟವಾಗುವ ಸಂಭವವುಂಟು. ಉದಾಹರಣೆಗೆ, ವಿಜಯವಾಡದ ಬಳಿ ಕೃಷ್ಣಾ ನಾಲೆಯ ಕೆಳಗಿನ ಗದ್ದೆಯೊಂದರ ಪತ್ರದಲ್ಲಿ ‘2.20’ ಎಂದಿದೆಯೆನ್ನೋಣ. ಅದು 2 ಎಕರೆ 20 ಸೆಂಟ್. ಮಂಡ್ಯದ ಕಡೆಯ ರೈತನು ಅದನ್ನು 2 ಎಕರೆ 20 ಗುಂಟೆ, ಎಂದರೆ ಎರಡೂವರೆ ಎಕರೆಯೆಂದು ಓದಿಕೊಳ್ಳಬಹುದು. ಹಾಗೆ ಓದಿ ಬೆಲೆ ಅಥವಾ ಗುತ್ತಿಗೆ ನಿಶ್ಚಯಿಸಿದರೆ, ಇಲ್ಲದ 30 ಸೆಂಟಿಗೆ, ಅಂದರೆ 12 ಗುಂಟೆಗೆ, ಆತ ಹಣ ತೆತ್ತಂತಾಗುತ್ತದೆ. ಎಕರೆಯ ಮುಂದಿನ ಅಂಕಿ 39ನ್ನು ಮೀರಿದ್ದರೆ ಅದು ಗುಂಟೆಯಲ್ಲವೆಂಬುದು ಸ್ಪಷ್ಟ. 39 ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ಮಾತ್ರ ಸಂದೇಹಕ್ಕೆ ಎಡೆಯುಂಟು. ಅಂಥ ಸಂದರ್ಭದಲ್ಲಿ ಕೇಳಿ ತಿಳಿಯುವುದು ಅವಶ್ಯಕ. ಗುಂಟೆಯನ್ನು ಎರಡೂವರೆಯಿಂದ ಗುಣಿಸಿದರೆ ಸೆಂಟ್ ದೊರೆಯುತ್ತದೆ.

ನಗರದ ನಿವೇಶನಗಳ ವಿಷಯದಲ್ಲಿ ಮತ್ತೊಂದು ರೂಢಿಯಿದೆ. ಬೆಂಗಳೂರಿನಲ್ಲಿ ಚದರ ಅಡಿಯಲ್ಲಿ ಹೇಳುವುದನ್ನು ವಿಶಾಖಪಟ್ಟಣದಲ್ಲಿ ಸಾಮಾನ್ಯವಾಗಿ ಚದರ ಗಜದಲ್ಲಿ ಹೇಳುತ್ತಾರೆ. ಒಂದು ಸೆಂಟಿಗೆ 48.4 ಚದರ ಗಜ. ಐದು ಸೆಂಟಿಗೆ 242. ವಿಜಯವಾಡದ ಸಮೀಪ ಅಮರಾವತಿ ರಾಜಧಾನಿಗಾಗಿ 2015ರಲ್ಲಿ ಭೂಮಿ ಕ್ರೋಡೀಕರಿಸಿದಾಗ, ರೈತರು ಕೊಟ್ಟ ನೆಲದ ಲೆಕ್ಕ ಎಕರೆಯಲ್ಲಿತ್ತು, ಮರಳಿ ಪಡೆಯಬೇಕಾದ ನಿವೇಶನದ ಲೆಕ್ಕ ಚದರ ಗಜದಲ್ಲಿತ್ತು. ಒಂದು ಎಕರೆ ಖುಷ್ಕಿ ಪಟ್ಟಾ ಜಮೀನಿಗೆ ವಾಸಕ್ಕಾಗಿ 1,000, ವಾಣಿಜ್ಯಕ್ಕಾಗಿ 250 ಚದರ ಗಜವೆಂದು ಗೊತ್ತುಪಡಿಸಲಾಗಿತ್ತು. ಎಕರೆಗೆ 4,840 ಚದರ ಗಜವೆಂಬುದನ್ನು ಬಲ್ಲವನಿಗೆ, ಮರಳಿ ಬರುವುದು ಕೊಟ್ಟ ವಿಸ್ತೀರ್ಣದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರವೆಂಬುದು ಕೂಡಲೇ ತಿಳಿಯುತ್ತದೆ.

ಸರ್ಕಾರದ ಅಂಕಿಅಂಶಗಳಲ್ಲಿ ಹೆಕ್ಟೇರ್ ಬಳಕೆಯಲ್ಲಿದೆ. ಒಂದು ಹೆಕ್ಟೇರ್ ಸುಮಾರು 2.47 ಎಕರೆಗೆ ಸಮ. ಒಂದು ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯುಳ್ಳವರನ್ನು ಅತಿ ಸಣ್ಣ ರೈತರೆಂದೂ, ಒಂದರಿಂದ ಎರಡು ಹೆಕ್ಟೇರಿನೊಳಗಿನವರನ್ನು ಸಣ್ಣ ರೈತರೆಂದೂ ಕರೆಯಲಾಗುತ್ತದೆ. ಎರಡು ಹೆಕ್ಟೇರೆಂದರೆ ಐದು ಎಕರೆಗೆ ಸುಮಾರು ಆರು ಸೆಂಟ್ ಕಡಿಮೆ.

ಆದುದರಿಂದ ಕ್ರಯ, ಗುತ್ತಿಗೆ ಅಥವಾ ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ, ಅಂಕಿಯೊಡನೆ ಅಳತೆಯ ಹೆಸರನ್ನೂ ಅಕ್ಷರಗಳಲ್ಲಿ ಬರೆಸಿಕೊಳ್ಳುವುದು ಕ್ಷೇಮಕರ.