ಮಾಂಟೆಸ್ಸರಿ ಪ್ರವೇಶ: ಮೊದಲು ಕಾಗದ, ಆಮೇಲೆ ಕೋಣೆ, ಕೊನೆಗೆ ಹಣ

ಮಾಂಟೆಸ್ಸರಿ ಶಾಲೆಯ ಪ್ರವೇಶಕ್ಕೆ ಬೇಕಾದ ತಯಾರಿ ಮಗುವಿಗೆ ಎರಡು ವರ್ಷ ತುಂಬಿದಾಗಲೇ ಆರಂಭವಾಗಬೇಕು. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಮೇ ತಿಂಗಳ ಕೊನೆಗೆ ಬಂದು ನಿಲ್ಲುತ್ತದೆ. ಅದು ಬೀಜ-ಗೊಬ್ಬರಕ್ಕೆ ಓಡಾಡುವ ಹೊತ್ತು. ಶಾಲೆಯವರು ಕೇಳಿದ ಕಾಗದ ಕೈಯಲ್ಲಿರುವುದಿಲ್ಲ. ಅವಸರದಲ್ಲಿ ಬಾಯಿಮಾತಿನಲ್ಲಿ ಹೇಳಿ ಬರೆಸಿದ ಹೆಸರು ಮತ್ತು ತಾರೀಖು ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ಮಗುವಿನ ಬೆನ್ನು ಬಿಡುವುದಿಲ್ಲ.

ಈ ಪದ್ಧತಿಯನ್ನು ರೂಪಿಸಿದ ಮಾರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ಮಕ್ಕಳ ಮನೆ ತೆರೆಯಿತು. ತಂದೆ-ತಾಯಿ ದುಡಿಮೆಗೆ ಹೋದಾಗ ನೋಡಿಕೊಳ್ಳುವವರಿಲ್ಲದೆ ಉಳಿಯುತ್ತಿದ್ದ ಮಕ್ಕಳು ಅಲ್ಲಿನ ಮೊದಲ ವಿದ್ಯಾರ್ಥಿಗಳು. 1939ರಲ್ಲಿ ಮಾಂಟೆಸ್ಸರಿ ಮದ್ರಾಸಿನ ಅಡ್ಯಾರ್‌ಗೆ ಬಂದರು. ಮಹಾಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತರಬೇತುಗೊಳಿಸಿದರು. ದುಡಿಯುವವರ ಮಕ್ಕಳಿಂದಲೇ ಶುರುವಾದ ಈ ಪದ್ಧತಿ ಉಳ್ಳವರ ಮಕ್ಕಳಿಗಷ್ಟೇ ಹೊಂದುವ ಓದು ಎಂಬ ಅಳುಕು ಹಳ್ಳಿಯ ಪಾಲಕರಿಗೆ ಬೇಕಿಲ್ಲ.

ವಯಸ್ಸಿನ ಲೆಕ್ಕ

ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಮೂರು ವರ್ಷ ಕಲಿಯುವುದು ಮಾಂಟೆಸ್ಸರಿಯ ಕ್ರಮ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು 2022ರ ಜುಲೈನಲ್ಲಿ ಸರ್ಕಾರ ಆದೇಶಿಸಿತು. ಪಾಲಕರ ಒತ್ತಾಯದಿಂದ 2025–26ನೇ ಸಾಲಿನಲ್ಲಿ ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಿಗೆ ಅದನ್ನು ಸಡಿಲಿಸಲಾಯಿತು. ಇಂಥ ಸಡಿಲಿಕೆಯನ್ನು ನಂಬಿ ಮಗುವನ್ನು ಬೇಗ ಸೇರಿಸುವುದು ಸರಿಯಲ್ಲ. ಒಂದನೇ ತರಗತಿಯ ವರ್ಷವನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಮೂರು ವರ್ಷ ಹಿಂದಕ್ಕೆ ಎಣಿಸಬೇಕು.

2023ರ ಮೇ 20ರಂದು ಹುಟ್ಟಿದ ಮಗುವಿಗೆ 2029ರ ಜೂನ್ 1ರ ಹೊತ್ತಿಗೆ ಆರು ತುಂಬಿರುತ್ತದೆ; ಅದು 2026ರ ಜೂನ್‌ನಲ್ಲಿ ಮಾಂಟೆಸ್ಸರಿ ಸೇರಬಹುದು. 2023ರ ಜುಲೈ 10ರಂದು ಹುಟ್ಟಿದ ಮಗುವಿಗೆ 2029ರ ಜೂನ್ 1ಕ್ಕೆ ಕೆಲವೇ ವಾರ ಕಡಿಮೆಯಾಗುವುದರಿಂದ ಅದರ ಒಂದನೇ ತರಗತಿ 2030ಕ್ಕೆ ಹೋಗುತ್ತದೆ, ಮಾಂಟೆಸ್ಸರಿ 2027ಕ್ಕೆ. ಎರಡೂ ಮಕ್ಕಳು ಒಂದೇ ಓಣಿಯಲ್ಲಿ ಆಡಿ ಬೆಳೆದಿರುತ್ತವೆ, ಒಂದನ್ನು ಸೇರಿಸಿದಾಗ ಇನ್ನೊಂದನ್ನೂ ಸೇರಿಸುವ ಆಸೆ ಮೂಡುತ್ತದೆ. ಹಾಗೆ ಬೇಗ ಸೇರಿದ ಮಗು ಮೂರು ವರ್ಷ ಮುಗಿಸಿದ ಮೇಲೆ ಇನ್ನೊಂದು ವರ್ಷ ಅಲ್ಲೇ ಕೂರಬೇಕಾಗುತ್ತದೆ, ಶುಲ್ಕವೂ ಇನ್ನೊಂದು ವರ್ಷಕ್ಕೆ ಬೀಳುತ್ತದೆ. ಒಂದು ವರ್ಷ ತಡವಾದರೆ ಮಗು ಹಿಂದುಳಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ತಾರೀಖನ್ನು ಹಿಂದೆ ಸರಿಸಿ ಬರೆಸುವುದಂತೂ ಮಗುವಿಗೆ ಮಾಡುವ ಅನ್ಯಾಯ.

ಜನನ ಪ್ರಮಾಣಪತ್ರ

ಅತಿ ಹೆಚ್ಚು ತೊಂದರೆ ಆಗುವುದು ಇಲ್ಲಿ. 2023ರಲ್ಲಿ ತಿದ್ದುಪಡಿಯಾದ ಜನನ ಮತ್ತು ಮರಣ ನೋಂದಣಿ ಕಾಯ್ದೆ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂದು ಮತ್ತು ಆಮೇಲೆ ಹುಟ್ಟಿದವರಿಗೆ ಶಾಲಾ ಪ್ರವೇಶ ಸೇರಿ ಹಲವು ಕೆಲಸಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆಯಾಗಿ ನಿಲ್ಲುವುದು ಈ ಪ್ರಮಾಣಪತ್ರವೇ. ಆ ದಿನದ ನಂತರ ಹುಟ್ಟಿದ ಮಕ್ಕಳು 2026ರ ಅಕ್ಟೋಬರ್‌ನಿಂದ ಮೂರು ವರ್ಷ ಮುಟ್ಟುತ್ತಾರೆ. ಅಂದರೆ 2027ರ ಜೂನ್‌ನಲ್ಲಿ ಸೇರುವ ಮಕ್ಕಳಿಂದ ಈ ನಿಯಮದ ಬಿಸಿ ತಟ್ಟುತ್ತದೆ. ಆಸ್ಪತ್ರೆಯ ಬಿಡುಗಡೆ ಚೀಟಿ, ತಾಯಿ ಕಾರ್ಡ್, ಅಂಗನವಾಡಿ ದಾಖಲೆ ಇವೆ ಎಂದು ನಿಶ್ಚಿಂತೆಯಾಗಿರುವಂತಿಲ್ಲ.

ಮೊದಲ ಹೆರಿಗೆ ತವರಿನಲ್ಲಿ ಆಗುವುದು ಈ ಭಾಗದ ಪದ್ಧತಿ. ಪಾಲಕರು ಬೆಳ್ಳಟ್ಟಿಯ ಕಚೇರಿಗೆ ಹೋಗಿ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲಿ ಸಿಗುವುದಿಲ್ಲ ಎಂದಾಗ ಜಗಳಕ್ಕೆ ನಿಲ್ಲುತ್ತಾರೆ. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ. ತಂದೆಯ ಊರಿಗೂ ರೇಷನ್ ಕಾರ್ಡಿನ ವಿಳಾಸಕ್ಕೂ ಅದರ ಸಂಬಂಧವಿಲ್ಲ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಹುಬ್ಬಳ್ಳಿಯಲ್ಲಿ, ಗದಗಿನ ಜಿಮ್ಸ್‌ನಲ್ಲಿ ಹುಟ್ಟಿದ್ದರೆ ಗದಗಿನಲ್ಲಿ, ತವರು ಹಾವೇರಿ ಜಿಲ್ಲೆಯ ಹಳ್ಳಿಯಾಗಿದ್ದು ಹೆರಿಗೆ ಮನೆಯಲ್ಲೇ ಆಗಿದ್ದರೆ ಆ ಹಳ್ಳಿಯ ನೋಂದಣಿ ಅಧಿಕಾರಿಯ ಬಳಿ ವಿಚಾರಿಸಬೇಕು. ಇ-ಜನ್ಮ ತಂತ್ರಾಂಶದಲ್ಲಿ ದಾಖಲಾಗಿದ್ದರೆ ನೋಂದಣಿ ಸಂಖ್ಯೆ ಹುಡುಕುವುದು ಸುಲಭ. ಹುಟ್ಟಿದ 21 ದಿನಗಳೊಳಗೆ ತಿಳಿಸಿದ್ದರೆ ಶುಲ್ಕವಿಲ್ಲದೆ ನೋಂದಣಿಯಾಗಿರುತ್ತದೆ. ನೋಂದಣಿಯೇ ಆಗಿರದೆ ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು; 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮತ್ತು ಉಪವಿಭಾಗ ಮಟ್ಟದ ಮ್ಯಾಜಿಸ್ಟ್ರೇಟರಿಗಿದೆ. ಇದು ವಾರದಲ್ಲಿ ಮುಗಿಯುವ ಕೆಲಸವಲ್ಲ.

ಪ್ರಮಾಣಪತ್ರ ಇದ್ದರೂ ಅದನ್ನು ಬಿಚ್ಚಿ ಓದದವರೇ ಹೆಚ್ಚು. ಆಸ್ಪತ್ರೆಯಲ್ಲಿ ನೋಂದಣಿಯಾಗುವ ಹೊತ್ತಿಗೆ ತೊಟ್ಟಿಲು ಶಾಸ್ತ್ರವೇ ಆಗಿರುವುದಿಲ್ಲ. ಹಾಗಾಗಿ ತಂದೆ-ತಾಯಿಯ ಹೆಸರಿದ್ದು ಮಗುವಿನ ಹೆಸರಿನ ಜಾಗ ಖಾಲಿ ಉಳಿದಿರುತ್ತದೆ, ಆ ಖಾಲಿ ಜಾಗ ಮೂರು ವರ್ಷದ ನಂತರ ಶಾಲೆಯ ಮೇಜಿನ ಮೇಲೆ ಕಣ್ಣಿಗೆ ಬೀಳುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೂ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಹೆಸರು ಒಮ್ಮೆ ದಾಖಲಾದರೆ ಬದಲಿಸುವುದು ಕಷ್ಟ. ಅಕ್ಷರದ ತಪ್ಪು ತಿದ್ದಿಸಬಹುದು, ‘ಶಿವು’ ಎಂದು ಬರೆಸಿ ಆಮೇಲೆ ‘ಸಮರ್ಥ’ ಎನ್ನುವಂತಿಲ್ಲ.

ಇನ್ನು ಹೆಸರಿನ ಹೊಂದಾಣಿಕೆ. ಗದಗ ಜಿಲ್ಲೆಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಸೇರಿಸಿ ಬರೆಯುವುದು ರೂಢಿ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೊಂದೇ ಇರುತ್ತದೆ, ಆಧಾರ್‌ನಲ್ಲಿ ಅಡ್ಡಹೆಸರು ಸೇರಿರುತ್ತದೆ, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಉಳಿದಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ‘ಈರಪ್ಪ’ ಎಂದು ಬರೆಯುವಾಗ ಒಬ್ಬರು ‘ಐ’ ಹಾಕುತ್ತಾರೆ, ಇನ್ನೊಬ್ಬರು ಎರಡು ‘ಇ’ ಹಾಕುತ್ತಾರೆ. ಮೂರು ವರ್ಷದ ಮಗುವಿಗೆ ಇದರಿಂದ ಏನೂ ಆಗದು. ಹದಿನೈದು ವರ್ಷದ ಮಗುವಿನ ವಿದ್ಯಾರ್ಥಿವೇತನ ಬ್ಯಾಂಕಿನಲ್ಲಿ ತಡೆಯುವುದು ಈ ಒಂದಕ್ಷರಕ್ಕೇ. ಆದ್ದರಿಂದ ಜನನ ಪ್ರಮಾಣಪತ್ರವನ್ನು ಮೂಲವೆಂದಿಟ್ಟುಕೊಂಡು ಮೊದಲು ಅದನ್ನು ಪೂರ್ತಿ ಸರಿಪಡಿಸಬೇಕು, ಅದನ್ನು ತೋರಿಸಿ ಆಧಾರ್ ಮಾಡಿಸಬೇಕು, ಆಮೇಲೆ ಎರಡನ್ನೂ ಎದುರಿಗಿಟ್ಟುಕೊಂಡು ಶಾಲೆಯ ಅರ್ಜಿ ತುಂಬಬೇಕು. ಕ್ರಮ ತಲೆಕೆಳಗಾದರೆ ಒಂದನ್ನು ತಿದ್ದಲು ಹೋಗಿ ಮತ್ತೊಂದು ಕೆಡುತ್ತದೆ. ಐದು ವರ್ಷದೊಳಗಿನ ಮಗುವಿನ ನೀಲಿ ಆಧಾರ್‌ಗೆ ಬೆರಳಚ್ಚು ಇರುವುದಿಲ್ಲ, ಐದು ತುಂಬಿದ ಮೇಲೆ ಕೊಡಿಸಬೇಕು.

ಕೋಣೆಯೊಳಗೆ

ಮಾಂಟೆಸ್ಸರಿ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಫಲಕಕ್ಕೆ ಬರೆಸಿಕೊಳ್ಳಬಹುದು. ಬೆಂಚು ಸಾಲು, ಕಪ್ಪು ಹಲಗೆ, ಬಾಯಿಪಾಠ, ಮನೆಗೆಲಸದ ಪುಸ್ತಕ ಇರುವ ಸಾಮಾನ್ಯ ಎಲ್‌ಕೆಜಿಯೂ ಆ ಹೆಸರಿನಲ್ಲಿ ನಡೆಯುತ್ತದೆ. ಹೀಗಾಗಿ ಅರ್ಜಿ ತೆಗೆದುಕೊಳ್ಳುವ ಮೊದಲು, ಜನವರಿ-ಫೆಬ್ರುವರಿಯಲ್ಲಿ, ಶಾಲೆ ನಡೆಯುತ್ತಿರುವ ಬೆಳಗಿನ ಹೊತ್ತು ಹೋಗಿ ಕೋಣೆಯ ಮೂಲೆಯಲ್ಲಿ ಅರ್ಧ ತಾಸು ಸುಮ್ಮನೆ ಕೂತು ನೋಡಬೇಕು. ಮೇ ತಿಂಗಳಲ್ಲಿ ಹೋದರೆ ಬಣ್ಣ ಬಳಿದ ಗೋಡೆ ಮಾತ್ರ ಕಾಣುತ್ತದೆ.

ನಿಜವಾದ ಮಾಂಟೆಸ್ಸರಿ ಕೋಣೆಯಲ್ಲಿ ಸಾಮಾನುಗಳು ಮಗುವಿನ ಕೈಗೆಟಕುವ ಎತ್ತರದ ತೆರೆದ ಕಪಾಟಿನಲ್ಲಿರುತ್ತವೆ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಘನಗಳ ಗೋಪುರ, ಹತ್ತು ಸೆಂಟಿಮೀಟರಿನಿಂದ ಒಂದು ಮೀಟರ್‌ವರೆಗಿನ ಕೆಂಪು ಕೋಲುಗಳು, ಬೆರಳಾಡಿಸಿ ಕಲಿಯುವ ಮರಳುಕಾಗದದ ಅಕ್ಷರಗಳು, ಬಿಡಿ-ಹತ್ತು-ನೂರು-ಸಾವಿರ ತೋರಿಸುವ ಚಿನ್ನದ ಬಣ್ಣದ ಮಣಿಗಳು ಇರಬೇಕು. ಪ್ರತಿಯೊಂದೂ ಸಾಮಾನ್ಯವಾಗಿ ಒಂದೇ ಜೊತೆ ಇರುತ್ತದೆ. ಒಂದು ಮಗು ತೆಗೆದುಕೊಂಡಿದ್ದರೆ ಇನ್ನೊಂದು ಕಾಯುತ್ತದೆ. ಆ ಕಾಯುವಿಕೆಯೂ ಪಾಠದ ಭಾಗ. ಮಗು ತಾನೇ ಚಾಪೆ ಹಾಸಿ, ಕೆಲಸ ಮುಗಿಸಿ, ಸಾಮಾನನ್ನು ಇದ್ದಲ್ಲಿ ಇಟ್ಟು, ಚಾಪೆ ಸುತ್ತಿಡುತ್ತದೆ. ಶಿಕ್ಷಕಿ ಇಡೀ ತರಗತಿಗೆ ಕೂಗಿ ಹೇಳುವುದು ಕಡಿಮೆ. ಒಂದು ಮಗುವಿನ ಪಕ್ಕ ಕೂತು ಮೆಲ್ಲಗೆ ತೋರಿಸಿ ಎದ್ದು ಹೋಗುತ್ತಾರೆ. ಈ ಕೆಲಸಕ್ಕೆ ಸುಮಾರು ಮೂರು ತಾಸು ಅಡ್ಡಿಯಿಲ್ಲದ ಹೊತ್ತು ಕೊಡಬೇಕೆಂಬುದು ಪದ್ಧತಿ. ಅರ್ಧರ್ಧ ತಾಸಿಗೆ ಗಂಟೆ ಬಾರಿಸುವ ಶಾಲೆಯಲ್ಲಿ ಅದು ನಡೆಯದು.

ನೀರು ಸುರಿಯುವುದು, ಗುಂಡಿ ಹಾಕುವುದು, ಕಸ ಗುಡಿಸುವುದು, ಕಾಳು ಬೇರ್ಪಡಿಸುವುದು ಇಲ್ಲಿ ಮೊದಲ ಪಾಠಗಳು. ‘ರೊಕ್ಕ ಕೊಟ್ಟು ಕಸ ಹೊಡಿಯಾಕ ಕಳಿಸಬೇಕೇನು?’ ಎಂದು ಅಜ್ಜಂದಿರು ಕೇಳುವುದುಂಟು. ಶೇಂಗಾ ಬಿಡಿಸುವ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ತಾನಾಗಿ ಬರುತ್ತದೆ. ಮನೆಯಲ್ಲಿ ಅಮ್ಮನ ಜೊತೆ ಈ ಕೆಲಸ ಮಾಡುವ ಹಳ್ಳಿಯ ಮಗು ಮಾಂಟೆಸ್ಸರಿಗೆ ಅರ್ಧ ತಯಾರಾಗಿಯೇ ಬಂದಿರುತ್ತದೆ.

ಕೇಳಬೇಕಾದದ್ದು ಕೆಲವೇ ಪ್ರಶ್ನೆ. ಶಿಕ್ಷಕಿ ಮಾಂಟೆಸ್ಸರಿ ತರಬೇತಿ ಪಡೆದದ್ದು ಎಲ್ಲಿ, ಎಷ್ಟು ಅವಧಿಯದು? ಮೂರೂ ವಯಸ್ಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆಯೇ? ಕನ್ನಡದ ಅಕ್ಷರಗಳೂ ಇವೆಯೇ? ಮರಳುಕಾಗದದ ಮೇಲೆ ಕನ್ನಡದ ‘ರ’ ಚೆನ್ನಾಗಿಯೇ ಮೂಡುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಮೂರು ವರ್ಷದ ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ನಡೆಸುವ ಕೋಣೆಯಲ್ಲಿ ಕೂರಿಸಿದರೆ ಅದು ತಿಂಗಳುಗಟ್ಟಲೆ ಮೂಕವಾಗಿರುತ್ತದೆ. ಪ್ರವೇಶಕ್ಕೆ ಮಗುವಿನ ಪರೀಕ್ಷೆ ನಡೆಸುವ ಶಾಲೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಹತ್ತಿರದಲ್ಲಿ ಇಂಥ ಕೋಣೆ ಸಿಗದಿದ್ದರೆ ಊರಿನ ಅಂಗನವಾಡಿಯನ್ನು ಕಡೆಗಣಿಸಬಾರದು. ಅಲ್ಲಿ ಮೂರರಿಂದ ಆರು ವರ್ಷದವರು ಒಟ್ಟಿಗೇ ಇರುತ್ತಾರೆ, ‘ಚಿಲಿಪಿಲಿ’ ಚಟುವಟಿಕೆಗಳಿವೆ, ಊಟವಿದೆ, ಶುಲ್ಕವಿಲ್ಲ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ಯಾಗಿ ಮೇಲ್ದರ್ಜೆಗೇರಿಸಿತು. ತಮ್ಮ ಊರಿಗೆ ಅದು ಯಾವಾಗ ಬರುತ್ತದೆಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ಕೇಳುವ ಹಕ್ಕು ಪಾಲಕರಿಗಿದೆ. ಒಳ್ಳೆಯ ಅಂಗನವಾಡಿ ಕಾರ್ಯಕರ್ತೆ ಇರುವ ಊರಿನವರು ಹೆಸರಿಗಷ್ಟೇ ಮಾಂಟೆಸ್ಸರಿಯಾದ ಶಾಲೆಗೆ ಸಾಲ ಮಾಡಿ ಹಣ ಕಟ್ಟುವುದು ನೋವಿನ ಸಂಗತಿ.

ಅರ್ಜಿ, ಹಣ, ಗಾಡಿ

ಅರ್ಜಿಯೊಂದಿಗೆ ಜನನ ಪ್ರಮಾಣಪತ್ರ, ಮಗು ಮತ್ತು ಪಾಲಕರ ಆಧಾರ್, ಭಾವಚಿತ್ರ, ಲಸಿಕೆ ವಿವರವಿರುವ ತಾಯಿ ಕಾರ್ಡಿನ ನಕಲು ಬೇಕಾಗುತ್ತವೆ. ಮೂಲಪ್ರತಿ ತೋರಿಸಿ ವಾಪಸು ತರಬೇಕು, ಶಾಲೆಯಲ್ಲಿ ಬಿಟ್ಟುಬರಬಾರದು. ಜಾತಿ, ಆದಾಯ ಪ್ರಮಾಣಪತ್ರ ಕೇಳಿದರೆ ನಾಡಕಚೇರಿಯಲ್ಲಿ ಸಿಗುತ್ತವೆ. ಶಾಲೆಗೆ ಶಿಕ್ಷಣ ಇಲಾಖೆಯ ನೋಂದಣಿ ಇದೆಯೇ ಎಂಬುದನ್ನು ಶಿರಹಟ್ಟಿ, ಗದಗ ಹೀಗೆ ಆಯಾ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟಿನ ಆಸೆ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 2019ರ ಬದಲಾವಣೆಯ ನಂತರ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ.

ಶುಲ್ಕದ ಪೂರ್ತಿ ಪಟ್ಟಿಯನ್ನು ಬರಹದಲ್ಲಿ ಪಡೆಯಬೇಕು: ಪ್ರವೇಶ, ಬೋಧನೆ, ಸಾಮಗ್ರಿ, ಸಮವಸ್ತ್ರ, ಗಾಡಿ. ಡೊನೇಷನ್ ಎಂದು ರಸೀದಿಯಿಲ್ಲದೆ ಕೇಳುವ ಹಣ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಗೆ ವಿರುದ್ಧ. ರೈತರು ಒಂದು ಕಂತನ್ನು ಹತ್ತಿ, ಗೋವಿನಜೋಳ ಮಾರಿದ ಮೇಲೆ ಕಟ್ಟುವುದಾಗಿ ಮೊದಲೇ ಮಾತಾಡಿ ಬರೆಸಿಕೊಳ್ಳಬಹುದು. ಬಹಳಷ್ಟು ಶಾಲೆಗಳು ಒಪ್ಪುತ್ತವೆ.

ಬೆಳ್ಳಟ್ಟಿಯಿಂದ ಲಕ್ಷ್ಮೇಶ್ವರಕ್ಕೋ ಗದಗಿಗೋ ಕಳಿಸುವುದಾದರೆ ಮಗು ದಿನಕ್ಕೆ ಎಷ್ಟು ಹೊತ್ತು ಗಾಡಿಯಲ್ಲಿರುತ್ತದೆ ಎಂದು ಒಮ್ಮೆ ಅದೇ ಹೊತ್ತಿಗೆ ಹೋಗಿ ನೋಡಬೇಕು. ಆಯಾ ಇಲ್ಲದ ಗಾಡಿ, ಹೊರಗೆ ಜೋತುಬೀಳುವಷ್ಟು ಮಕ್ಕಳನ್ನು ತುಂಬುವ ಟಂಟಂ ಬೇಡ. ಮೊದಲ ಎರಡು ವಾರ ಮನೆಯವರೊಬ್ಬರು ಬಿಡುವು ಮಾಡಿಕೊಂಡಿರಬೇಕು, ಶಾಲೆ ಮೊದಲಿಗೆ ಒಂದೆರಡು ತಾಸು ಮಾತ್ರ ಕೂರಿಸಿದರೆ ಒಪ್ಪಿಕೊಳ್ಳಬೇಕು. ಹಣ ಕಟ್ಟಿದ ದಿನವೇ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ಹುಟ್ಟಿದ ತಾರೀಖು ಬರೆದಿರುವುದನ್ನು ಓದಿ ನೋಡಿ, ದಾಖಲಾತಿ ಸಂಖ್ಯೆಯನ್ನು ರಸೀದಿಯ ಹಿಂದೆ ಬರೆದುಕೊಂಡು ಬರಬೇಕು.