ವಿಜಯಪುರಕ್ಕೆ ಹೊರಟಿದ್ದೀರಾ?

ಆಲಮೇಲದಿಂದ ಒಂದೇ ದಿನದಲ್ಲಿ ವಿಜಯಪುರ ನೋಡಿಬರುವವರು ನಸುಕಿನ ಬಸ್ಸಿಗೇ ಸಿಂದಗಿ ದಾಟಿಬಿಡಿ. ಶಾಲಾ ಮಕ್ಕಳ ಗದ್ದಲ ಶುರುವಾಗುವ ಮೊದಲೇ ಗೋಲಗುಮ್ಮಟದ ಇಕ್ಕಟ್ಟಾದ ಮೆಟ್ಟಿಲು ಹತ್ತಿ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿ. ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಅದು ಕೇಳುತ್ತದೆ. ಕೂಗಿದರೆ ಆ ಸುಖವಿಲ್ಲ.

ಗೈಡ್ ಬೇಕೇ ಬೇಕು, ದರ ಮಾತ್ರ ಮೊದಲೇ ಮಾತಾಡಿಕೊಳ್ಳಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ತುದಿಗೆ ಸಿಂಹದ ಮುಖವಿದೆ. ಅದರ ದವಡೆಯಲ್ಲಿ ಸಿಕ್ಕ ಆನೆಯನ್ನು ತಿಳಿದವರು ಬೆರಳಿಟ್ಟು ತೋರಿಸಬೇಕು. ಇಬ್ರಾಹಿಂ ರೋಜಾದ ಗೋಡೆಯ ಅಕ್ಷರ ಕೆತ್ತನೆಗೆ ಸಂಜೆ ಮೀಸಲಿಡಿ, ಅವಸರ ಬೇಡ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಜೊತೆಗಿರಲಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಊರಿಗೆ ತಿರುಗಿ ಬರುವ ಕೊನೆಯ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ.