ಅಕ್ಷರಕ್ಕೆ ಮೊದಲು ಕಿವಿ: ಮಕ್ಕಳಿಗೆ ಓದಿ ಹೇಳುವವರಿಗೆ ಎಂಟು ಸೂತ್ರ

ಮಗು ಅಕ್ಷರ ಕೂಡಿಸಿ ಸರಾಗವಾಗಿ ಓದುತ್ತದೆ, ಓದಿದ್ದೇನು ಎಂದು ಕೇಳಿದರೆ ಪಿಳಿಪಿಳಿ ನೋಡುತ್ತದೆ. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ದಿನವೂ ಕಾಣುವ ಸಂಗತಿಯಿದು. ಮನೆಯಲ್ಲಿ ಕೇಳಿ ಬೆಳೆದ ಕನ್ನಡವೇ ಬೇರೆ, ಅಚ್ಚಾದ ಪುಸ್ತಕದ ಕನ್ನಡವೇ ಬೇರೆ. ಧಾರವಾಡದ ಹುಡುಗನಿಗಾಗಲಿ, ಕುಂದಾಪುರದ ಹುಡುಗಿಗಾಗಲಿ ಪುಸ್ತಕದ ಕನ್ನಡ ಮೊದಲು ಕಿವಿಗೆ ಬೀಳಬೇಕು. ಕಣ್ಣಿನ ಸರದಿ ಆಮೇಲೆ.

1. ಮಾತು ಬರಲಿ ಎಂದು ಕಾಯಬೇಡಿ. ಹಸುಗೂಸಿದ್ದಾಗಲೇ ಓದಿ ಹೇಳಲು ಶುರುಮಾಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ತಂದೆತಾಯಿಗೆ ಸಲಹೆ ಕೊಟ್ಟಿದೆ. ಆರು ತಿಂಗಳ ಕೂಸು ಪುಸ್ತಕವನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಹಾಕಿಕೊಳ್ಳಲಿ. ದಪ್ಪ ರಟ್ಟಿನ ಪುಸ್ತಕ ಇರುವುದೇ ಅದಕ್ಕೆ.

2. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿ. ಮಗುವಿಗೆ ತಿಳಿಯಲಿಕ್ಕಿಲ್ಲ ಎಂದು ವಾಕ್ಯವಾಕ್ಯವನ್ನೂ ಆಡುಮಾತಿಗೆ ಇಳಿಸುವವರಿದ್ದಾರೆ. ಒಳ್ಳೆಯ ಉದ್ದೇಶವೇ, ಆದರೆ ಸಿಗಬೇಕಾದ ಲಾಭ ಅಲ್ಲೇ ಸೋರಿಹೋಗುತ್ತದೆ. ಮಕ್ಕಳೊಂದಿಗೆ ನಾವಾಡುವ ಮಾತು ಬಹುಪಾಲು ಊಟ, ಸ್ನಾನ, ಚಪ್ಪಲಿ, ‘ಬೇಗ ಬೇಗ’ಗಳಲ್ಲೇ ಮುಗಿಯುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ನೂರು ಇಂಗ್ಲಿಷ್ ಚಿತ್ರಪುಸ್ತಕಗಳನ್ನು ದೊಡ್ಡವರು ಮಕ್ಕಳೊಡನೆ ಆಡುವ ಮಾತಿನ ಪಕ್ಕ ಇಟ್ಟು ಎಣಿಸಿದರು. ಬಗೆಬಗೆಯ ಪದಗಳು ಹೆಚ್ಚಿದ್ದದ್ದು ಪುಸ್ತಕಗಳಲ್ಲೇ. ಬರಹಕ್ಕೂ ಮಾತಿಗೂ ಇಷ್ಟು ದೂರವಿರುವ ಕನ್ನಡದಲ್ಲಂತೂ ‘ಹೋಗುತ್ತಿದ್ದಳು’, ‘ಆದ್ದರಿಂದ’ ಎಂಬಂಥವು ಪುಟ್ಟ ಮಕ್ಕಳ ಕಿವಿಗೆ ಬೀಳಲು ಬೇರೆ ದಾರಿ ಕಡಿಮೆ. ಮೊದಲು ಪುಸ್ತಕದ ವಾಕ್ಯ ಓದಿ, ಆಮೇಲೆ ನಿಮ್ಮ ಮನೆಮಾತಿನಲ್ಲಿ ಎಷ್ಟು ಬೇಕಾದರೂ ಹರಟಿ.

3. ‘ಅದೇ ಕಥೆ’ ಎಂದರೆ ಅದೇ ಕಥೆ. ನಿಮಗೆ ಬೇಸರ ಬಂದಿರುತ್ತದೆ, ನಿಜ. ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದವರು ಹೊಸ ಪದಗಳನ್ನು ಚೆನ್ನಾಗಿ ಕಲಿತಿದ್ದರು. ಅವೇ ಪದಗಳನ್ನು ಬೇರೆ ಬೇರೆ ಕಥೆಗಳಲ್ಲಿ ಕೇಳಿದವರು ಹಿಂದೆ ಬಿದ್ದಿದ್ದರು. ಪುಟ ಹಾರಿಸಿ ಬೇಗ ಮುಗಿಸುವ ಉಪಾಯವೂ ಬೇಡ, ಸಿಕ್ಕಿಬೀಳುತ್ತೀರಿ.

4. ಪರೀಕ್ಷೆ ಮಾಡಬೇಡಿ, ಮಾತಿಗೆ ಎಳೆಯಿರಿ. ಪುಣ್ಯಕೋಟಿಯ ಕಥೆ ಓದುತ್ತಿದ್ದೀರಿ ಎನ್ನಿ. ಚಿತ್ರ ತೋರಿಸಿ ‘ಇದೇನು?’ ಎಂದರೆ ‘ಹುಲಿ’ ಎಂಬ ಒಂದೇ ಉತ್ತರ ಬರುತ್ತದೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ‘ಕರುವಿಗೆ ಹಾಲು ಕೊಟ್ಟಾಯ್ತಲ್ಲ ಪುಟ್ಟಾ, ಹಸು ಇನ್ನು ಹುಲಿ ಹತ್ರ ಯಾಕೆ ಹೋಗ್ಬೇಕು?’ ಎಂದು ಕೇಳಿ ನೋಡಿ. ‘ಬೇಡ, ಹೋಗೋದೇ ಬೇಡ’ ಎಂದು ಕೂಗಬಹುದು, ಹುಲಿಗೆ ಬೈಯಬಹುದು. ಹೇಳಿದ್ದಕ್ಕೆ ನೀವು ಇನ್ನೊಂದು ಮಾತು ಸೇರಿಸಿ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಹೀಗೆ ಓದುವ ರೀತಿಯನ್ನು ಕೆಲವು ತಂದೆತಾಯಿಗೆ ಕಲಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು: ಸುಮಾರು ಒಂದೇ ತಿಂಗಳಲ್ಲಿ ಅವರ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದಿದ್ದರು.

5. ಬಾಯಿ ತುಂಬ ಓದಿ. ಒಬ್ಬರು ರಾಗವಾಗಿ ಕುಮಾರವ್ಯಾಸನನ್ನು ಓದಿ, ಊರೇ ಕೂತು ಕೇಳುವ ಗಮಕದ ನಾಡಿನವರು ನಾವು, ಸಂಕೋಚವೇಕೆ? ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಇಲಿಗಳ ಮೆರವಣಿಗೆಯನ್ನು ಉಸಿರು ಬಿಡದೆ ಓದಿ, ಮಗು ಬಿದ್ದು ಬಿದ್ದು ನಗುತ್ತದೆ. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳೂ ಬಾಯಿಗೆ ಹಾಗೇ ಒದಗುತ್ತವೆ.

6. ಯೂಟ್ಯೂಬ್‌ಗೆ ಈ ಕೆಲಸ ಒಪ್ಪಿಸಬೇಡಿ. ‘ಯಾಕೆ?’ ಎಂದರೆ ಅದು ನಿಲ್ಲಿಸಿ ಉತ್ತರ ಹೇಳುವುದಿಲ್ಲ.

7. ಪುಸ್ತಕಕ್ಕೆ ದುಡ್ಡಿಲ್ಲ ಎನ್ನುವ ಹಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ ಅಗ್ಗ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ: 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ.

8. ಓದಲು ಬಂತು ಎಂದು ಕೈಬಿಡಬೇಡಿ. ನಾನು ಕಂಡಂತೆ ಹೆಚ್ಚಿನ ಮನೆಗಳು ಎಡವುವುದು ಇಲ್ಲೇ. ಮೂರನೇ ತರಗತಿಯ ಮಗು ತಾನಾಗಿ ಓದಲಾರದ್ದನ್ನೂ ಕೇಳಿ ಅರ್ಥಮಾಡಿಕೊಳ್ಳುತ್ತದೆ. ಅದಕ್ಕೆ ಇನ್ನೂ ಮೊಲ–ಆಮೆಯನ್ನೇ ಓದುತ್ತ ಕೂರಬೇಡಿ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ‘ಕಾಡಿನ ಕಥೆಗಳು’ ಎತ್ತಿಕೊಳ್ಳಿ. ನರಭಕ್ಷಕ ಇನ್ನೇನು ಬಂತು ಎನ್ನುವಲ್ಲಿ ‘ಉಳಿದದ್ದು ನಾಳೆ’ ಎಂದು ಪುಸ್ತಕ ಮುಚ್ಚಿ, ಅದನ್ನು ಮಗುವಿನ ಕೈಗೆ ಎಟುಕುವ ಕಡೆ ಬಿಟ್ಟು ಹೋಗಿ.